ವೆನಿಸಿನಲ್ಲಿ ಎರಡು ದಿನ

“ದೇಶ ಸುತ್ತಬೇಕು, ಕೋಶ ಓದಬೇಕು” ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಇವೆರಡನ್ನೂ ಬೇರೆ ಬೇರೆ ಕೆಲಸಗಳೆಂದು ಭಾವಿಸುವುದು ರೂಢಿ. ಆದರೆ ಅಲ್ಪಾವಧಿಯ ಪ್ರವಾಸಕ್ಕೆ ಹೊರಡುವವನಿಗೆ ಕೋಶವೇ ಮೊದಲ ಮೆಟ್ಟಿಲೆಂಬುದು ನಮ್ಮ ಅಭಿಪ್ರಾಯ. ತಿಂಗಳುಗಟ್ಟಲೆ ತಂಗುವವನು ದಾರಿ ತಪ್ಪಿದರೂ ನಷ್ಟವಿಲ್ಲ. ಎರಡೇ ದಿನ ಇರುವವನು ಏನನ್ನು ನೋಡಬೇಕು ಎಂಬುದರ ಜೊತೆಗೆ ಏನನ್ನು ಬಿಡಬೇಕು ಎಂಬುದನ್ನೂ ಮೊದಲೇ ನಿಶ್ಚಯಿಸಿರಬೇಕು. ಉದಾಹರಣೆಗೆ ಇಟಲಿಯ ವೆನಿಸ್ ನಗರವನ್ನು ತೆಗೆದುಕೊಳ್ಳೋಣ. ಸದ್ಯಕ್ಕೆ ಇದು ನಮ್ಮಲ್ಲಿ ಬಹುಮಂದಿಗೆ ಭೂಪಟದ ಮೇಲಣ ಪ್ರವಾಸವೇ ಸರಿ. ಆದರೆ ನಾಳೆ ಯಾರಿಗೆ ಎಂಥ ಯೋಗ ಒದಗುವುದೋ ಬಲ್ಲವರಾರು?

ಮುಂಬಯಿಯಲ್ಲಿ ಬೆಳೆಯುತ್ತಿರುವ ನಮಗೆ ವೆನಿಸ್ ತೀರ ಅಪರಿಚಿತವಲ್ಲ. ನಮ್ಮ ನಗರವೂ ಏಳು ದ್ವೀಪಗಳಿಂದ ಆದುದು. ಇಲ್ಲಿ ನಡುವಣ ನೀರನ್ನು ತುಂಬಿ ನೆಲ ಮಾಡಿದರು. ವೆನಿಸಿನವರು ನೂರಕ್ಕೂ ಮಿಕ್ಕ ಪುಟ್ಟ ದ್ವೀಪಗಳ ನಡುವಣ ನೀರನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡು, ಅದನ್ನೇ ರಾಜಬೀದಿಯಾಗಿ ಮಾಡಿಕೊಂಡರು. ಕೆಸರಿನಲ್ಲಿ ಮರದ ಕಂಬಗಳನ್ನು ಒತ್ತೊತ್ತಾಗಿ ನೆಟ್ಟು, ಅವುಗಳ ಮೇಲೆ ಕಲ್ಲಿನ ಅರಮನೆಗಳನ್ನು ಎಬ್ಬಿಸಿದರು. 1846ರಲ್ಲಿ ರೈಲು ಸೇತುವೆ ಆಗುವವರೆಗೆ ದೋಣಿಯ ಹೊರತು ಅಲ್ಲಿಗೆ ಬೇರೆ ದಾರಿಯೇ ಇರಲಿಲ್ಲ.

ಮೊದಲ ದಿನವನ್ನು ಮಹಾಕಾಲುವೆಗೂ ಸಂತ ಮಾರ್ಕನ ಚೌಕಕ್ಕೂ ಮೀಸಲಿಡಬೇಕು. ರೈಲು ನಿಲ್ದಾಣದ ಎದುರಿಗೇ ಕಾಲುವೆ. ಸಾವಧಾನವಾಗಿ ಸಾಗುವ ಒಂದನೆಯ ನಂಬರಿನ ದೋಣಿಯನ್ನು ಏರಿದರೆ ಇಕ್ಕೆಲದ ಅರಮನೆಗಳು ತಾವಾಗಿಯೇ ಎದುರುಗೊಳ್ಳುತ್ತವೆ. ನಡುವೆ 1591ರಲ್ಲಿ ಮುಗಿದ ರಿಯಾಲ್ಟೋ ಸೇತುವೆ; 1854ರ ವರೆಗೆ ಆ ಕಾಲುವೆಗೆ ಇದ್ದುದು ಆ ಸ್ಥಳದ ಸೇತುವೆಯೊಂದೇ. ಚೌಕದ ಚರ್ಚಿನಲ್ಲಿ ನಾಲ್ಕು ಕಂಚಿನ ಕುದುರೆಗಳಿವೆ. ಅವುಗಳ ಮುಂದೆ ಅರ್ಧ ಗಂಟೆ ನಿಂತರೂ ವ್ಯರ್ಥವಲ್ಲ. 1204ರಲ್ಲಿ ಕಾನ್‌ಸ್ಟಾಂಟಿನೋಪಲನ್ನು ಸೂರೆಗೊಂಡ ವೆನಿಸಿನವರು ಅವನ್ನು ಹೊತ್ತು ತಂದರು. 1797ರಲ್ಲಿ ನೆಪೋಲಿಯನ್ ವೆನಿಸನ್ನು ಗೆದ್ದು ಅವನ್ನು ಪ್ಯಾರಿಸಿಗೆ ಸಾಗಿಸಿದನು. ಅವನ ಪತನದ ತರುವಾಯ, 1815ರಲ್ಲಿ, ಅವು ಹಿಂದಿರುಗಿದವು. ಕೊಳ್ಳೆ ಹೊಡೆದವರೂ ಕೊಳ್ಳೆಗೆ ಈಡಾದರು. ಇಂದು ಹೊರಗೆ ಕಾಣುವುವು ಪ್ರತಿಕೃತಿಗಳು. ಮೂಲ ಕುದುರೆಗಳು ಒಳಗೆ ಸುರಕ್ಷಿತವಾಗಿವೆ. ಇಷ್ಟನ್ನು ಓದಿ ಹೋದವನಿಗೆ ಅವು ಬರಿಯ ಕಂಚಿನ ಬೊಂಬೆಗಳಲ್ಲ.

ಪಕ್ಕದಲ್ಲೇ ಡೋಜನ ಅರಮನೆ. ಡೋಜನೆಂದರೆ ಆ ಗಣರಾಜ್ಯದ ಆಜೀವ ಅಧ್ಯಕ್ಷ. ಯಾವ ಮನೆತನವೂ ಪದವಿಯನ್ನು ವಶಪಡಿಸಿಕೊಳ್ಳದಿರಲೆಂದು 1268ರಿಂದ ಅದೃಷ್ಟದ ಆಯ್ಕೆ, ಮತದಾನ, ಮತ್ತೆ ಅದೃಷ್ಟದ ಆಯ್ಕೆ ಎಂದು ಹಲವು ಸುತ್ತುಗಳ ಪದ್ಧತಿಯನ್ನು ಅನುಸರಿಸಿದರು. ಅದೃಷ್ಟದ ಗುಂಡುಗಳನ್ನು ಎತ್ತಿಕೊಡಲು ಒಬ್ಬ ಬಾಲಕನನ್ನು ಕರೆತರುತ್ತಿದ್ದರು. ನಮ್ಮ ಪೌರನೀತಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಟಿಪ್ಪಣಿ ದೊರೆಯದು.

ಎರಡನೆಯ ದಿನ ಒಂದೇ ದ್ವೀಪ ಸಾಕು. ಬೆಂಕಿಯ ಭಯದಿಂದ 1291ರಲ್ಲಿ ಗಾಜಿನ ಕುಲುಮೆಗಳನ್ನು ಸ್ಥಳಾಂತರಿಸಿದ ಮುರಾನೋ ದ್ವೀಪಕ್ಕೆ ಹೋಗಿಬರಬಹುದು. ಮಿಕ್ಕ ವೇಳೆಯನ್ನು ಗೊತ್ತುಗುರಿಯಿಲ್ಲದೆ ಓಣಿಗಳಲ್ಲಿ ನಡೆಯುವುದಕ್ಕೆ ಬಿಡಬೇಕು. ಆಲ್ಡಸ್ ಮನೂಷಿಯಸನೆಂಬ ಮುದ್ರಕನು 1501ರಲ್ಲಿ ಓರೆ ಅಕ್ಷರದ ಪುಟ್ಟ ಪುಸ್ತಕಗಳನ್ನು ಅಚ್ಚಿಸಿದುದು ಈ ಊರಿನಲ್ಲಿಯೇ. ನಾವು ಕೈಯಲ್ಲಿ ಹಿಡಿದು ಓಡಾಡುವ ಪುಸ್ತಕ ಅವನಿಗೆ ಋಣಿ.

ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸಿ ಸಂಜೆಯ ಗಾಡಿಗೆ ಹಿಂದಿರುಗಬಾರದೇಕೆ, ಖರ್ಚೂ ಉಳಿಯುವುದಲ್ಲ ಎಂದು ಕೆಲವರು ಕೇಳಬಹುದು. ಖರ್ಚಿನ ಮಾತು ನಿಜ. ಆದರೆ ಬೆಳಿಗ್ಗೆ ನುಗ್ಗಿ ಸಂಜೆ ಹೊರಡುವ ಜನಸಾಗರದಿಂದ ಆ ಊರಿಗೇ ಉಸಿರು ಕಟ್ಟಿದೆ. 1951ರಲ್ಲಿ ಹಳೆಯ ನಗರದಲ್ಲಿ ಸುಮಾರು 1,75,000 ಜನ ವಾಸವಾಗಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಬಾಡಿಗೆ ಏರಿತು, ಮನೆಗಳು ಪ್ರವಾಸಿಗಳ ಬಿಡಾರಗಳಾದವು, ಸ್ಥಳೀಕರು ಆಚೆಯ ದಡಕ್ಕೆ ಸರಿದರು. 2024ರ ಏಪ್ರಿಲ್ 25ರಂದು ನಗರಸಭೆಯು ಕೆಲವು ದಿನಗಳ ಮಟ್ಟಿಗೆ, ದಿನವಹಿ ಬಂದು ಹೋಗುವವರ ಮೇಲೆ ಐದು ಯೂರೋ ಪ್ರವೇಶಶುಲ್ಕ ವಿಧಿಸಲಾರಂಭಿಸಿತು. ಊರಿನಲ್ಲಿ ರಾತ್ರಿ ತಂಗುವವರಿಗೂ ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೂ ಅದರಿಂದ ವಿನಾಯಿತಿ ಇತ್ತು. ಸಮುದ್ರದ ಉಬ್ಬರವನ್ನು ತಡೆಯಲು 2020ರಿಂದ ಯಂತ್ರದ ತಡೆಬಾಗಿಲುಗಳಿವೆ. ಅತಿಥಿಗಳ ಉಬ್ಬರಕ್ಕೆ ಅಂಥ ಬಾಗಿಲು ಎಲ್ಲಿದೆ?

ಕನ್ನಡಿಗರಾದ ನಮಗೆ ಈ ಮಾತು ಬೇಗ ಅರ್ಥವಾಗಬೇಕು. ವೆನಿಸಿನ ಸೀಮೆಯ ವರ್ತಕನಾದ ನಿಕೊಲೊ ಕೊಂಟಿಯು ಸುಮಾರು 1420ರಲ್ಲಿ ವಿಜಯನಗರಕ್ಕೆ ಬಂದು, ಅದರ ಸುತ್ತಳತೆ ಅರವತ್ತು ಮೈಲಿಯೆಂದು ಬೆರಗಿನಿಂದ ಹೇಳಿದನು. ಅವನು ಕಂಡುದು ಜನಭರಿತವಾದ ರಾಜಧಾನಿ. ನಾವು ಹಂಪೆಯಲ್ಲಿ ಕಾಣುವುದು ಅದರ ಅವಶೇಷ. ಆ ನಗರವನ್ನು 1565ರ ಯುದ್ಧವು ಬರಿದು ಮಾಡಿತು. ವೆನಿಸಿನ ಮೇಲೆ ಇಂದು ಯಾವ ಶತ್ರುವೂ ದಂಡೆತ್ತಿ ಬಂದಿಲ್ಲ. ಅದನ್ನು ಮೆಚ್ಚಿ ಬರುವವರೇ ಅದನ್ನು ಬರಿದು ಮಾಡುತ್ತಿದ್ದಾರೆ.

ಆದುದರಿಂದ ಪ್ರವಾಸದ ಯೋಜನೆಯೆಂದರೆ ಬರಿಯ ವೇಳಾಪಟ್ಟಿಯಲ್ಲ, ಅತಿಥಿಧರ್ಮವೂ ಹೌದು. ರಾತ್ರಿ ಊರಿನೊಳಗೇ, ಅಲ್ಲಿಯವರೇ ನಡೆಸುವ ವಸತಿಗೃಹದಲ್ಲಿ ತಂಗಬೇಕು. ಅವರ ಅಂಗಡಿಯಲ್ಲಿ ಉಣ್ಣಬೇಕು. ಇಕ್ಕಟ್ಟಾದ ಸೇತುವೆಯ ಮೇಲೆ ದಾರಿ ಕಟ್ಟಿ ನಿಲ್ಲಬಾರದು. ಹತ್ತನ್ನು ಕಣ್ಣಾಡಿಸಿ ಬರುವುದಕ್ಕಿಂತ ನಾಲ್ಕನ್ನು ಅರಿತು ನೋಡಬೇಕು. ಈ ಅಭ್ಯಾಸಕ್ಕೆ ಇಟಲಿಯವರೆಗೆ ಹೋಗುವ ತನಕ ಕಾಯಬೇಕಾಗಿಲ್ಲ. ಬರುವ ರಜೆಯಲ್ಲಿ ಹಂಪೆಗೋ ಬಾದಾಮಿಗೋ ಹೊರಡುವ ನಮ್ಮ ಮಿತ್ರರು ಅಲ್ಲಿಂದಲೇ ಇದನ್ನು ಆರಂಭಿಸಲಿ.