ಸಂತನ ಗಾಯಗಳಿಗೆ ಪಕ್ಷದ ಬಣ್ಣ ಬೇಡ

ಇಟಲಿಯ ಕಪುಚಿನ್ ಸನ್ಯಾಸಿ ಸಂತ ಪಾದ್ರೆ ಪಿಯೋ ಅವರು ತೀರಿಕೊಂಡು ಅರ್ಧ ಶತಮಾನ ಮೀರಿದೆ. ಬದುಕಿದ್ದಾಗ ಅವರನ್ನು ಎಳೆದಾಡಿದವರಿಗಿಂತ ಸತ್ತ ಮೇಲೆ ಎಳೆದಾಡುತ್ತಿರುವವರೇ ಹೆಚ್ಚು ಎಂದು ಈಚೆಗೆ ನನಗೆ ಅನ್ನಿಸತೊಡಗಿದೆ. ಒಂದು ಗುಂಪು ಅವರನ್ನು ಹೊಸ ಪೂಜಾವಿಧಿಯ ವಿರುದ್ಧ ಬೀಸುವ ದೊಣ್ಣೆಯನ್ನಾಗಿ ಮಾಡಿಕೊಂಡಿದೆ. ಇನ್ನೊಂದು ಗುಂಪು ಅವರ ಹೆಸರು ಬಂದೊಡನೆ ಮುಜುಗರಪಟ್ಟುಕೊಂಡು ಮಾತು ತಿರುಗಿಸುತ್ತದೆ. ಎರಡೂ ಗುಂಪಿನವರು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಬಂಧುಬಳಗದಲ್ಲಿಯೂ ಇದ್ದಾರೆ. ಆದ್ದರಿಂದ ಇದನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಪರದೇಶದಲ್ಲಿ ನೆಲೆಸಿರುವವನು, ಹೀಗೆ ಬರೆದಿದ್ದಾನೆ: "ಸರ್, ಪಾದ್ರೆ ಪಿಯೋ ಹೊಸ ಪೂಜೆಯನ್ನು ತಿರಸ್ಕರಿಸಿದರು. ಎರಡನೆಯ ವ್ಯಾಟಿಕನ್ ಮಹಾಸಭೆಯೇ ಧರ್ಮಸಭೆಯನ್ನು ಹಾಳುಮಾಡಿತು. ಹಳೆಯ ಧರ್ಮಸಭೆ ಅದ್ಭುತಗಳನ್ನು ನಂಬುತ್ತಿತ್ತು, ಇಂದಿನದು ನಂಬುವುದಿಲ್ಲ." ನನ್ನ ತಂಗಿಯ ಮಗನ ಮಾತು ಇದಕ್ಕೆ ತದ್ವಿರುದ್ಧ: "ಮಾವ, ಆ ಗಾಯಗಳೆಲ್ಲ ಆ್ಯಸಿಡ್ಡಿನಿಂದ ಆದವು. ಈ ಕಾಲದಲ್ಲೂ ಇಂಥದನ್ನು ಹೊತ್ತುಕೊಂಡು ಮೆರೆಸಿದರೆ ಓದಿದವರು ನಗುತ್ತಾರೆ."

ಮೊದಲು ವಿದ್ಯಾರ್ಥಿಗೆ ಉತ್ತರ. ತರಗತಿಯಲ್ಲಿ ನಾನು ಇಸವಿಗಳನ್ನು ಹಲಗೆಯ ಮೇಲೆ ಬರೆಯದೆ ಪಾಠ ಆರಂಭಿಸುತ್ತಿರಲಿಲ್ಲ ಎಂಬುದು ನಿನಗೆ ನೆನಪಿರಬೇಕು. ಇಲ್ಲಿಯೂ ಅಷ್ಟೇ. ಪಿಯೆತ್ರೆಲ್ಚೀನಾ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ 1887ರಲ್ಲಿ ಹುಟ್ಟಿದ ಫ್ರಾನ್ಚೆಸ್ಕೊ ಫೋರ್ಜೋನೆ ಮುಂದೆ ಪಾದ್ರೆ ಪಿಯೋ ಆದರು. 1918ರ ಸೆಪ್ಟೆಂಬರ್ 20ರಂದು ಸಾನ್ ಜೊವಾನ್ನಿ ರೊತೊಂದೊ ಊರಿನ ಮಠದಲ್ಲಿ ಪ್ರಾರ್ಥಿಸುತ್ತಿದ್ದಾಗ ಅವರ ಕೈ, ಕಾಲು, ಪಕ್ಕೆಗಳಲ್ಲಿ ಕ್ರಿಸ್ತನ ಪಂಚಗಾಯಗಳಂಥ ಗಾಯಗಳು ಕಾಣಿಸಿಕೊಂಡವು. ಅವು ಐವತ್ತು ವರ್ಷ ಇದ್ದವು. ಅವರು ಮರಣಹೊಂದಿದ್ದು 1968ರ ಸೆಪ್ಟೆಂಬರ್ 23ರಂದು. ಜಗದ್ಗುರು ಆರನೆಯ ಪೌಲರು ಹೊಸ ಪೂಜಾಗ್ರಂಥವನ್ನು ಘೋಷಿಸಿದ್ದು 1969ರ ಏಪ್ರಿಲಿನಲ್ಲಿ. ಅದು ಬಳಕೆಗೆ ಬಂದದ್ದು ಆ ವರ್ಷದ ಕೊನೆಗೆ. ಸತ್ತು ಒಂದು ವರ್ಷವಾದ ಮನುಷ್ಯ ಹೊಸ ಪೂಜೆಯನ್ನು ತಿರಸ್ಕರಿಸಿದ್ದು ಹೇಗಪ್ಪಾ?

ನಿನ್ನ ಮಾತಿನ ಹಿಂದೆ ಒಂದು ಸತ್ಯದ ತುಣುಕು ಇಲ್ಲದಿಲ್ಲ. ಮಹಾಸಭೆಯ ಬೆನ್ನಿಗೆ 1965ರಿಂದ ಪೂಜೆಯಲ್ಲಿ ಮಾರ್ಪಾಡುಗಳು ಶುರುವಾಗಿದ್ದವು, ದೇಶಭಾಷೆ ಪ್ರವೇಶಿಸುತ್ತಿತ್ತು. ಆಗ ಎಂಬತ್ತರ ಹತ್ತಿರವಿದ್ದು ಕಣ್ಣು ಮಂಜಾಗಿದ್ದ ಪಾದ್ರೆ ಪಿಯೋ, ತಾವು ಬಾಲ್ಯದಿಂದ ಬಲ್ಲ ಕ್ರಮದಲ್ಲೇ ಬಲಿಪೂಜೆ ಅರ್ಪಿಸಲು ರೋಮಿನ ಅನುಮತಿ ಬೇಡಿದರು, ಅನುಮತಿ ದೊರೆಯಿತು. ಬೇಡಿದರು ಎಂಬ ಕ್ರಿಯಾಪದವನ್ನು ಗಮನಿಸು. ತಿರಸ್ಕರಿಸಿದವನು ಅನುಮತಿ ಬೇಡುವುದಿಲ್ಲ. ಸಾಯುವುದಕ್ಕೆ ಹನ್ನೊಂದು ದಿನ ಮೊದಲು, 1968ರ ಸೆಪ್ಟೆಂಬರ್ 12ರಂದು, ಅವರು ಆರನೆಯ ಪೌಲರಿಗೆ ಪತ್ರ ಬರೆದರು. ಸಂತಾನ ನಿಯಂತ್ರಣದ ವಿಚಾರದಲ್ಲಿ ಆ ವರ್ಷ ಹೊರಟ ವಿಶ್ವಪತ್ರದಿಂದಾಗಿ ಜಗದ್ಗುರುಗಳು ಎಲ್ಲ ಕಡೆಯಿಂದಲೂ ಟೀಕೆಗೆ ಗುರಿಯಾಗಿದ್ದ ಸಮಯ ಅದು. ಮುದುಕ ಸನ್ಯಾಸಿ ತನ್ನ ವಿಧೇಯತೆಯನ್ನೂ ಪ್ರಾರ್ಥನೆಯನ್ನೂ ಅವರಿಗೆ ಒಪ್ಪಿಸಿದ. ನಿಮ್ಮ ಗುಂಪಿನವರು ಹಂಚುವ ಬರಹಗಳಲ್ಲಿ 1965ರ ಅನುಮತಿಯ ಪ್ರಸ್ತಾಪ ಸಿಗುತ್ತದೆ, ಈ ಪತ್ರದ ಪ್ರಸ್ತಾಪ ಸಿಗುವುದು ಅಪರೂಪ.

ಆರ್ಚ್‌ಬಿಷಪ್ ಲೆಫೆವ್ರ್ 1967ರಲ್ಲಿ ಪಾದ್ರೆ ಪಿಯೋ ಅವರನ್ನು ಕಂಡದ್ದೂ ನಿಜ. 1988ರಲ್ಲಿ ರೋಮಿನ ಆಜ್ಞೆ ಮೀರಿ ನಾಲ್ವರಿಗೆ ಬಿಷಪ್ ದೀಕ್ಷೆ ಕೊಟ್ಟ ಅದೇ ಲೆಫೆವ್ರ್. ಕೆಲವೇ ನಿಮಿಷಗಳ ಆ ಭೇಟಿಯ ಬಗ್ಗೆ ಎರಡು ಕಥೆಗಳು ಹುಟ್ಟಿಕೊಂಡಿವೆ. ಸಂತನು ಆರ್ಚ್‌ಬಿಷಪ್ಪರ ಉಂಗುರಕ್ಕೆ ಮುತ್ತಿಟ್ಟು ಅವರ ಹಾದಿಯನ್ನೇ ಹರಸಿದನೆಂಬುದು ಒಂದು. ನೀನು ಧರ್ಮಸಭೆಯನ್ನು ಒಡೆಯುವೆ ಎಂದು ಮುಖಕ್ಕೆ ಹೇಳಿದಂತೆ ಎಚ್ಚರಿಸಿದನೆಂಬುದು ಇನ್ನೊಂದು. ಎರಡನೆಯದನ್ನು ಲೆಫೆವ್ರ್ ಅವರೇ ಅಲ್ಲಗಳೆದಿದ್ದರು. ಹಾಗೆ ನೋಡಿದರೆ ಎರಡು ಪಕ್ಷದವರೂ ಸಂತನ ಬಾಯಲ್ಲಿ ತಮ್ಮ ತಮ್ಮ ಮಾತನ್ನು ತುರುಕಿದ್ದಾರೆ.

ಇನ್ನು "ಹಳೆಯ ಧರ್ಮಸಭೆ ನಂಬುತ್ತಿತ್ತು" ಎಂಬ ವಾದಕ್ಕೆ ಬರೋಣ. ಪಾದ್ರೆ ಪಿಯೋ ಅವರ ಬಾಯಿ ಕಟ್ಟಿದವರು ಯಾರು? ಮಹಾಸಭೆ ಕೂಡಿದ್ದು 1962ರಲ್ಲಿ. ವಿಶ್ವಾಸದ ಕಾವಲಿಗಿದ್ದ ರೋಮಿನ ಹೋಲಿ ಆಫೀಸು 1923ರಲ್ಲಿಯೇ, ಈ ಸಂಗತಿಗಳು ದೈವಿಕವೆಂದು ಸಿದ್ಧಪಟ್ಟಿಲ್ಲ, ಭಕ್ತರು ಅದಕ್ಕೆ ತಕ್ಕಂತೆ ನಡೆದುಕೊಳ್ಳಬೇಕು ಎಂದು ಸಾರಿತು. 1931ರಲ್ಲಿ ಅವರಿಗೆ ಜನರೆದುರು ಪೂಜೆ ಅರ್ಪಿಸುವುದನ್ನೂ ಪಾಪನಿವೇದನೆ ಕೇಳುವುದನ್ನೂ ನಿಷೇಧಿಸಲಾಯಿತು. ಎರಡು ವರ್ಷ ಅವರು ಮಠದ ಒಳಗಿನ ಪುಟ್ಟ ಪ್ರಾರ್ಥನಾಲಯದಲ್ಲಿ, ಹೆಚ್ಚುಕಡಿಮೆ ಸೆರೆಯಾಳಿನಂತೆ, ಒಬ್ಬರೇ ಪೂಜೆ ಅರ್ಪಿಸಿದರು. ಹನ್ನೊಂದನೆಯ ಭಕ್ತಿನಾಥರ ಆಳ್ವಿಕೆಯ ಕಾಲ ಅದು. ಎಲ್ಲ ಕಡೆಯೂ ಲತೀನ್ ಪೂಜೆ, ಎಲ್ಲ ಕಡೆಯೂ ಕಪ್ಪು ನಿಲುವಂಗಿ. ನೀನು ಸುವರ್ಣಯುಗವೆಂದು ಕರೆಯುವ ಅದೇ ಕಾಲ! 1933ರಲ್ಲಿ ನಿರ್ಬಂಧ ಸಡಿಲಿಸಿದವರೂ ಅದೇ ಜಗದ್ಗುರುಗಳು. ಮತ್ತೆ 1960ರಲ್ಲಿ ಇಪ್ಪತ್ತಮೂರನೆಯ ಯೊವಾನ್ನರ ಕಾಲದಲ್ಲಿ ರೋಮಿನಿಂದ ತನಿಖಾಧಿಕಾರಿ ಬಂದರು. ಸಂತನ ಮಾತುಗಳನ್ನು ಸುತ್ತಲಿದ್ದವರೇ ಗುಟ್ಟಾಗಿ ಧ್ವನಿಮುದ್ರಿಸಿಕೊಂಡ ನಾಚಿಕೆಗೇಡಿನ ಪ್ರಸಂಗವೂ ಆಗಲೇ ನಡೆಯಿತು. ವಿಚಿತ್ರ ನೋಡಿ: ತನಿಖೆಗೆ ಒಳಗಾದವರನ್ನು 2002ರಲ್ಲಿ ಸಂತರೆಂದು ಸಾರಲಾಯಿತು, ತನಿಖೆ ಮಾಡಿಸಿದ ಜಗದ್ಗುರುಗಳನ್ನು 2014ರಲ್ಲಿ.

ಪೋಲೆಂಡಿನ ಸಿಸ್ಟರ್ ಫೌಸ್ತೀನಾ ಅವರ ಕಥೆಯೂ ಇದೇ. ಆಕೆ 1938ರಲ್ಲಿ ಮೂವತ್ತಮೂರರ ವಯಸ್ಸಿನಲ್ಲಿ ತೀರಿಕೊಂಡರು. ಇಂದು ನಮ್ಮ ಹಳ್ಳಿಯ ದೇವಾಲಯಗಳಲ್ಲಿಯೂ ಕಾಣುವ ದೈವಿಕ ಕರುಣೆಯ ಚಿತ್ರವನ್ನೂ ಆಕೆಯ ಬರಹಗಳನ್ನೂ ಪ್ರಚಾರ ಮಾಡಬಾರದೆಂದು ರೋಮ್ 1959ರಲ್ಲಿ ತಡೆಯಿತು. ಮಹಾಸಭೆಗೆ ಮೊದಲು ಬಿದ್ದ ಬೀಗ ಅದು. ತೆರೆದದ್ದು 1978ರಲ್ಲಿ, ಮಹಾಸಭೆಯ ನಂತರ.

ಇಷ್ಟಾದ ಮೇಲೆ ನಿನಗೆ ಕಹಿಯಾಗಬಹುದಾದ ಒಂದು ಮಾತು. ಹಳೆಯ ಧರ್ಮಶಾಸನದ ಪ್ರಕಾರ ಹೊಸ ದರ್ಶನ, ಪವಾಡಗಳ ಕುರಿತ ಪುಸ್ತಕವನ್ನು ಅಧಿಕೃತ ಅನುಮತಿ ಇಲ್ಲದೆ ಪ್ರಕಟಿಸುವಂತಿರಲಿಲ್ಲ. ಆ ವಿಧಿಗಳನ್ನು 1966ರಲ್ಲಿ ತೆಗೆದುಹಾಕಿದವರು ಆರನೆಯ ಪೌಲರು. ನೀನು ನನಗೆ ಕಳುಹಿಸುವ ಕಿರುಹೊತ್ತಗೆಗಳು, ಮಹಾಸಭೆಯನ್ನೂ ಆರನೆಯ ಪೌಲರನ್ನೂ ಬಯ್ಯುವ ಆ 'ಸ್ವರ್ಗದ ಸಂದೇಶಗಳು', ಬೆಳಕು ಕಾಣಲು ಸಾಧ್ಯವಾದದ್ದೇ ಅವರು ಕೊಟ್ಟ ಸಡಿಲಿಕೆಯಿಂದ. ಬಹಳಷ್ಟು ಹೊತ್ತಗೆಗಳು ಮೊದಲ ಪುಟದಲ್ಲಿಯೇ ಆ ಆಜ್ಞೆಯನ್ನು ಹೆಮ್ಮೆಯಿಂದ ಉಲ್ಲೇಖಿಸುತ್ತವೆ. ಉಂಡ ಮನೆಯ ಜಂತಿ ಎಣಿಸುವುದು ಎಂದರೆ ಇದೇ.

ಅಂಥ ಸಂದೇಶಗಳು ಎಲ್ಲಿಗೆ ಒಯ್ಯುತ್ತವೆ ಎಂಬುದಕ್ಕೆ ಸ್ಪೇನಿನ ಪಾಲ್ಮಾರ್ ದೆ ತ್ರೋಯಾ ಸಾಕು. 1968ರಲ್ಲಿ ಅಲ್ಲಿನ ಕೆಲವು ಹುಡುಗಿಯರು ಮಾತೆ ಮರಿಯಳನ್ನು ಕಂಡೆವೆಂದರು. ಜನ ಸೇರಿತು. ಬಂದವರಲ್ಲಿ ಕ್ಲೆಮೆಂತೆ ದೊಮಿಂಗೆಜ್ ಎಂಬಾತ ಕ್ರಮೇಣ ಮುಖ್ಯ ದರ್ಶಕನಾದ. ತನ್ನ ಮೈಮೇಲೂ ಪಂಚಗಾಯಗಳು ಮೂಡಿವೆ ಎಂದ. ಆರನೆಯ ಪೌಲರನ್ನು ವ್ಯಾಟಿಕನ್ನಿನೊಳಗಿನ ಶತ್ರುಗಳು ಸೆರೆಯಲ್ಲಿಟ್ಟಿದ್ದಾರೆ ಎಂಬ ಸಂದೇಶವೂ ಅವನಿಗೆ ಬಂತು. 1976ರಲ್ಲಿ ವಿಯೆಟ್ನಾಮಿನ ಆರ್ಚ್‌ಬಿಷಪ್ಪರೊಬ್ಬರು ಮರುಳಾಗಿ ಅವನಿಗೆ ಗುರುದೀಕ್ಷೆಯನ್ನೂ ಬಿಷಪ್ ದೀಕ್ಷೆಯನ್ನೂ ಕೆಲವೇ ದಿನಗಳ ಅಂತರದಲ್ಲಿ ಕೊಟ್ಟುಬಿಟ್ಟರು. 1978ರಲ್ಲಿ ಪೌಲರು ತೀರಿಕೊಂಡದ್ದೇ ತಡ, ಕ್ಲೆಮೆಂತೆ ತಾನೇ ಜಗದ್ಗುರು ಹದಿನೇಳನೆಯ ಗ್ರೆಗರಿ ಎಂದು ಘೋಷಿಸಿಕೊಂಡ. ಆ ಪೀಠದ ಮೂರನೆಯ 'ಪೋಪ್' 2016ರಲ್ಲಿ ಪೀಠ ಬಿಟ್ಟು ಹೊರಬಂದು, ಇದೆಲ್ಲ ಮೊದಲಿನಿಂದಲೂ ಮೋಸವೆಂದು ಹೇಳಿ ಮದುವೆಯಾದ. ನಗು ಬರುತ್ತದೆ. ಆದರೆ ಆ ಸುಳ್ಳಿಗಾಗಿ ಮನೆಮಾರು, ಮಕ್ಕಳುಮರಿ ಬಿಟ್ಟು ಹೋದ ಸಾಮಾನ್ಯ ಭಕ್ತರನ್ನು ನೆನೆದರೆ ನಗು ನಿಲ್ಲುತ್ತದೆ.

ಪಾದ್ರೆ ಪಿಯೋ ಅವರಿಗೂ ಕ್ಲೆಮೆಂತೆಗೂ ಇರುವ ವ್ಯತ್ಯಾಸವನ್ನು ಗಾಯಗಳಲ್ಲಿ ಹುಡುಕಬೇಡ. ಒಬ್ಬರಿಗೆ ಅನ್ಯಾಯವಾಗಿ ಬಾಯಿ ಮುಚ್ಚು ಎಂದಾಗ ಮುಚ್ಚಿದರು. ಇನ್ನೊಬ್ಬನಿಗೆ ನ್ಯಾಯವಾಗಿಯೇ ಹೇಳಿದಾಗ ಅವನು ಕಿರೀಟ ತೊಟ್ಟ. ಆವಿಲಾದ ಸಂತ ತೆರೇಸಾ ಹದಿನಾರನೆಯ ಶತಮಾನದಲ್ಲಿಯೇ ಇದನ್ನು ಬಲ್ಲವಳಾಗಿದ್ದಳು: ದರ್ಶನ ಒಂದು ಹೇಳಿ ಪಾಪನಿವೇದನೆ ಕೇಳುವ ಗುರು ಇನ್ನೊಂದು ಹೇಳಿದರೆ ಆಕೆ ಗುರುವಿನ ಮಾತನ್ನೇ ಪಾಲಿಸುತ್ತಿದ್ದಳು.

ಈಗ ತಂಗಿಯ ಮಗನಿಗೆ. ನೀನು ಹೇಳುವ ಆ್ಯಸಿಡ್ಡಿನ ವಿಷಯ ಇತಿಹಾಸಕಾರ ಸೆರ್ಜೊ ಲುತ್ಸಾತ್ತೊ 2007ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಪ್ರಸಿದ್ಧವಾಯಿತು. ಪಾದ್ರೆ ಪಿಯೋ 1919ರಲ್ಲಿ ಗುಟ್ಟಾಗಿ ಕಾರ್ಬಾಲಿಕ್ ಆಮ್ಲ ತರಿಸಿದ್ದರೆಂದು ಔಷಧ ವ್ಯಾಪಾರಿಯೊಬ್ಬನ ಹೇಳಿಕೆ ರೋಮಿನ ದಾಖಲೆಗಳಲ್ಲಿದೆ. ಸಿರಿಂಜು ಶುದ್ಧಿಗೆ ತರಿಸಿದ್ದೆಂಬುದು ಅವರ ಕಡೆಯ ಸಮಾಧಾನ. ಈ ದಾಖಲೆ ಇಷ್ಟು ದಿನ ಇದ್ದದ್ದು ಎಲ್ಲಿ? ಧರ್ಮಸಭೆಯ ಸ್ವಂತ ಕಡತದಲ್ಲಿ. ಅದನ್ನು ಓದಿದ ಮೇಲೆಯೇ, ದಶಕಗಳ ಸಂದೇಹದ ಮೇಲೆಯೇ, ಅವರನ್ನು ಸಂತರೆಂದು ಸಾರಿದ್ದು. ವೈದ್ಯರೂ ಬಂದು ನೋಡಿದರು, ತಮ್ಮತಮ್ಮಲ್ಲೇ ಭಿನ್ನಾಭಿಪ್ರಾಯ ಹೊಂದಿದರು. ಸ್ವತಃ ವೈದ್ಯರೂ ಸನ್ಯಾಸಿಯೂ ಆಗಿದ್ದ ಅಗೊಸ್ತೀನೊ ಜೆಮೆಲ್ಲಿ 1920ರಲ್ಲಿ ಬಂದಾಗ ಲಿಖಿತ ಅನುಮತಿ ಇಲ್ಲವೆಂದು ಗಾಯಗಳನ್ನು ತೋರಿಸಲಿಲ್ಲ. ಆದರೂ ಅವರು ಕಟುವಾದ ವರದಿ ಬರೆದರು. ನೋಡದೆ ನಂಬುವವನನ್ನು ನೀನು ಮೂಢನೆನ್ನುತ್ತೀಯೆ. ನೋಡದೆ ಅಲ್ಲಗಳೆಯುವವನಿಗೆ ಏನನ್ನುತ್ತೀಯೆ?

ಆ ಗಾಯಗಳನ್ನು ನೀನು ನಂಬಲೇಬೇಕೆಂದು ನಾನು ಹೇಳುತ್ತಿಲ್ಲ, ಧರ್ಮಸಭೆಯೂ ಹೇಳುವುದಿಲ್ಲ. ಖಾಸಗಿ ದರ್ಶನಗಳು ವಿಶ್ವಾಸದ ಭಂಡಾರಕ್ಕೆ ಸೇರಿದವಲ್ಲ ಎಂಬುದು ಧರ್ಮೋಪದೇಶದ ಸ್ಪಷ್ಟ ಮಾತು. ನನ್ನ ತಕರಾರು ನಿನ್ನ ನಗುವಿನ ಬಗ್ಗೆ. ಬೆಳಗಿನ ಜಾವದ ಚಳಿಯಲ್ಲಿ ಆ ಬಡ ಮಲೆನಾಡಿನ ಮಠದ ಬಾಗಿಲಲ್ಲಿ ಕಾದು ನಿಂತ ರೈತಾಪಿ ಜನ ಬಂದದ್ದು ಗಾಯ ನೋಡಲು ಮಾತ್ರವಲ್ಲ, ಪಾಪನಿವೇದನೆಗೆ. ಆತ ಗಂಟೆಗಟ್ಟಲೆ ಕುಳಿತು ಕೇಳಿದ, ಗದರಿದ, ಕೆಲವರನ್ನು ಕ್ಷಮೆ ಕೊಡದೆ ಎಬ್ಬಿಸಿಯೂ ಕಳುಹಿಸಿದ. ಭಕ್ತರ ಕಾಣಿಕೆಯಿಂದ ಅದೇ ಕುಗ್ರಾಮದಲ್ಲಿ 1956ರಲ್ಲಿ 'ಸಂಕಟ ಶಮನ ಗೃಹ' ಎಂಬ ದೊಡ್ಡ ಆಸ್ಪತ್ರೆ ಎದ್ದಿತು, ಇಂದಿಗೂ ನಡೆಯುತ್ತಿದೆ. ಓದಿದವರು ನಗುತ್ತಾರೆಂದೆಯಲ್ಲ, ನಿನ್ನ ಅಜ್ಜಿಯೂ ಸಹಿ ಹಾಕಲು ಬಾರದ ಕೈಯಲ್ಲಿ ಜಪಮಾಲೆ ಹಿಡಿದೇ ನಿಮ್ಮನ್ನೆಲ್ಲ ಸಾಕಿದವರು.

ಲತೀನಿನ ಬಗ್ಗೆಯೂ ಒಂದು ಮಾತು. ನನಗೆ ಆ ಭಾಷೆಯ ಗೀತೆಗಳೆಂದರೆ ಪ್ರಾಣ. 2007ರಲ್ಲಿ ಹದಿನಾರನೆಯ ಬೆನೆಡಿಕ್ಟರು ಹಳೆಯ ಪೂಜೆಗೆ ತೆರೆದ ಬಾಗಿಲನ್ನು 2021ರಲ್ಲಿ ಫ್ರಾನ್ಸಿಸರು ಬಹುಮಟ್ಟಿಗೆ ಮುಚ್ಚಿದ್ದು ಕಠಿಣವಾಯಿತೆಂದೇ ನನ್ನ ಅಭಿಪ್ರಾಯ; ಅದನ್ನು ಪ್ರೀತಿಸುವವರೆಲ್ಲ ದಂಗೆಕೋರರಲ್ಲ. ಆದರೆ ಮಹಾಸಭೆಯೇ ಬೇಡವಾಗಿತ್ತೆಂದು ಕನ್ನಡಿಗನಾದ ನೀನು ಹೇಳುವಾಗ ಸ್ವಲ್ಪ ತಡೆದು ಯೋಚಿಸು. 1963ರ ಆ ನಿರ್ಣಯವಿಲ್ಲದಿದ್ದರೆ ಬಲಿಪೀಠದ ಮೇಲೆ ಕನ್ನಡ ಕೇಳಿಸುತ್ತಿತ್ತೇ? ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡ ಪೂಜೆಗಾಗಿ ನಮ್ಮವರು ದಶಕಗಳ ಕಾಲ ಹೋರಾಡಿ ಏಟು ತಿಂದದ್ದು ಯಾವ ಹಕ್ಕಿನ ಬಲದಿಂದ?

2024ರ ಮೇ ತಿಂಗಳಲ್ಲಿ ರೋಮ್ ಇಂಥ ಅಲೌಕಿಕ ಘಟನೆಗಳ ಪರಿಶೀಲನೆಗೆ ಹೊಸ ನಿಯಮಾವಳಿ ಹೊರಡಿಸಿತು. ದೈವಿಕ ಹೌದು ಅಥವಾ ಅಲ್ಲ ಎಂಬ ಹಿಂದಿನ ತೀರ್ಪುಗಳ ಬದಲು ಆರು ಬಗೆಯ ತೀರ್ಮಾನಗಳಿವೆ. ಅತ್ಯುನ್ನತವಾದದ್ದು ಸಹ 'ಅಡ್ಡಿಯಿಲ್ಲ' ಎನ್ನುತ್ತದೆಯೇ ಹೊರತು 'ಇದು ದೈವಿಕ' ಎನ್ನುವುದಿಲ್ಲ. ಇದನ್ನೂ ಹೇಡಿತನವೆಂದು ಜರೆದವರಿದ್ದಾರೆ. 1923ರ ಆಜ್ಞೆಯನ್ನೂ 1959ರ ಆಜ್ಞೆಯನ್ನೂ ಮುಂದೆ ನುಂಗಿಕೊಳ್ಳಬೇಕಾಗಿ ಬಂದ ಸಂಸ್ಥೆ ಇನ್ನು ಮೇಲೆ ಅವಸರದ ತೀರ್ಪು ಕೊಡುವುದಿಲ್ಲ ಎಂದರೆ ಅದರಲ್ಲಿ ಹೇಡಿತನವೇನು ಬಂತು? ಆ ನಿಯಮದಂತೆ ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೆಡ್ಜುಗೊರಿಯೆಗೆ 'ಅಡ್ಡಿಯಿಲ್ಲ' ಎಂಬ ಉತ್ತರ ದೊರೆಯಿತು. 1981ರಿಂದ ನಡೆದ ಆ ದೀರ್ಘ ಕಥೆಯ ಬಗ್ಗೆ ಕೇಳಿರುವವರಿಗೆ ಇನ್ನೊಮ್ಮೆ ಬಿಡುವಾಗಿ ಬರೆಯುತ್ತೇನೆ. ಅಲ್ಲಿಯವರೆಗೆ, ಬಿಷಪ್ಪರು ಏನೆಂದರು ಎಂಬ ಸಾಲಿಲ್ಲದ ಸಂದೇಶಗಳನ್ನು ದಯವಿಟ್ಟು ನನಗೆ ಕಳುಹಿಸಬೇಡಿ.