ಹಗ್ಗದ ಹಾದಿಗೆ ಕಾನೂನಿನ ಕಾವಲು

ಬೆಟ್ಟವೊಂದು ಪ್ರವಾಸಿಗರ ಕಣ್ಣಿಗೆ ಬಿದ್ದೊಡನೆ ಅಲ್ಲಿಗೆ ರೋಪ್‌ವೇ ಬೇಕೆಂಬ ಮಾತು ಹುಟ್ಟುವುದು ಈ ನಾಡಿನಲ್ಲಿ ವಾಡಿಕೆಯಾಗಿದೆ. ನಾಗರಿಕರ ವಿರೋಧದ ನಡುವೆ ಚಾಮುಂಡಿ ಬೆಟ್ಟದ ಯೋಜನೆಯನ್ನು ಸರ್ಕಾರ 2022ರಲ್ಲಿ ಕೈಬಿಟ್ಟಿತು. ಮರುವರ್ಷದ ಮಾರ್ಚ್‌ನಲ್ಲಿ ನಂದಿಬೆಟ್ಟದಲ್ಲಿ ಶಂಕುಸ್ಥಾಪನೆ ನಡೆಯಿತು. ನಾಳೆ ಮೇಲುಕೋಟೆಯ ಯೋಗಾನರಸಿಂಹನ ಬೆಟ್ಟದ ಹೆಸರೋ, ಕೃಷ್ಣರಾಜಪೇಟೆ ತಾಲ್ಲೂಕಿನ ನಾರಾಯಣದುರ್ಗದ ಹೆಸರೋ ಕೇಳಿಬಂದರೆ ಅಚ್ಚರಿಪಡಬೇಕಾಗಿಲ್ಲ. ಸುರಕ್ಷತೆಯ ಪ್ರಶ್ನೆ ಎದ್ದಾಗಲೆಲ್ಲ ‘ನಿಯಮಗಳಿವೆಯಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ನಿಯಮಗಳು ಬೆಟ್ಟದ ಮೇಲೆ ಏನು ಮಾಡಿವೆ ಎಂದು ತೂಗಿ ನೋಡುವವರು ವಿರಳ.

ಯುರೋಪಿನ ಅನುಭವ ಇಲ್ಲಿ ಪಾಠವಾಗಬಲ್ಲುದು. ಅಲ್ಲಿ 2000ದಲ್ಲಿ ರೋಪ್‌ವೇಗಳಿಗೆ ಸಾಮಾನ್ಯ ನಿರ್ದೇಶನವೊಂದು ಬಂದಿತು. ಯಾವುದು ಇಳಿಜಾರಿನ ಲಿಫ್ಟ್, ಯಾವುದು ಹಗ್ಗದಿಂದ ಎಳೆಯುವ ಬಂಡಿ ಎಂಬ ಗೊಂದಲವೂ ಸೇರಿದಂತೆ ಅದರ ಲೋಪಗಳನ್ನು ಪರಿಶೀಲಿಸಿ, 2016ರಲ್ಲಿ ಹೊಸ ನಿಯಮ ರಚಿಸಿದರು. ಅದು 2018ರಿಂದ ಜಾರಿಗೆ ಬಂದಿತು. ಇಷ್ಟಾದರೂ 2021ರ ಮೇ ತಿಂಗಳಲ್ಲಿ ಇಟಲಿಯ ಮೊಟ್ಟರೋನೆಯಲ್ಲಿ ಹಗ್ಗ ತುಂಡಾಗಿ ಹದಿನಾಲ್ಕು ಮಂದಿ ಸತ್ತರು. ಸಂಚಾರ ಪದೇ ಪದೇ ನಿಲ್ಲಬಾರದೆಂದು ತುರ್ತು ಬ್ರೇಕನ್ನು ಬೇಕೆಂದೇ ಕಟ್ಟಿಹಾಕಲಾಗಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಲಿಸ್ಬನ್ನಿನ ಗ್ಲೋರಿಯಾ ಇಳಿಜಾರು ಬಂಡಿ ಉರುಳಿ ಹದಿನಾರು ಜನ ಪ್ರಾಣ ಕಳೆದುಕೊಂಡರು. ಅಲ್ಲಿ ಬಳಸಿದ್ದ ಹಗ್ಗ ಪ್ರಯಾಣಿಕರ ಸಾಗಣೆಗೆ ಪ್ರಮಾಣಿತವಾದುದೇ ಆಗಿರಲಿಲ್ಲವೆಂದು ತನಿಖೆ ಹೇಳಿತು. ಹಳೆಯ ಪಾರಂಪರಿಕ ಬಂಡಿಗಳಿಗೆ ಯುರೋಪಿನ ನಿಯಮವೇ ವಿನಾಯಿತಿ ಕೊಟ್ಟಿದೆ! ಮೊದಲ ಕಡೆ ನಿಯಮವನ್ನು ಲಾಭ ಮೀರಿತು, ಎರಡನೆಯ ಕಡೆ ನಿಯಮವೇ ಬಾಗಿಲು ತೆರೆದಿಟ್ಟಿತ್ತು.

ಭಾರತದಲ್ಲಿ ರೋಪ್‌ವೇಗಳ ಅಭಿವೃದ್ಧಿಯ ಹೊಣೆ 2021ರಲ್ಲಿ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯಕ್ಕೆ ಬಂದಿತು. 2022ರ ಏಪ್ರಿಲ್ 10ರಂದು, ರಾಮನವಮಿಯ ದಿನ, ಜಾರ್ಖಂಡಿನ ತ್ರಿಕೂಟ ಬೆಟ್ಟದಲ್ಲಿ ತೊಟ್ಟಿಲುಗಳು ನಡುಗಗನದಲ್ಲಿ ನಿಂತುಹೋದವು. ನಲವತ್ತು ಗಂಟೆಗೂ ಮಿಕ್ಕಿ ನಡೆದ ರಕ್ಷಣಾ ಕಾರ್ಯಕ್ಕೆ ವಾಯುಪಡೆಯ ಹೆಲಿಕಾಪ್ಟರುಗಳೇ ಬರಬೇಕಾಯಿತು. ಸತ್ತ ಮೂವರಲ್ಲಿ ಇಬ್ಬರು ರಕ್ಷಣೆಯ ವೇಳೆಯಲ್ಲಿಯೇ ಕೆಳಗೆ ಬಿದ್ದವರು. ಬಳಿಕ ಎಲ್ಲ ರಾಜ್ಯಗಳೂ ತಮ್ಮ ರೋಪ್‌ವೇಗಳನ್ನು ತಪಾಸಣೆಗೆ ಒಳಪಡಿಸಬೇಕೆಂದು ಕೇಂದ್ರ ಪತ್ರ ಬರೆಯಿತು. ಅವಘಡದ ಅನಂತರ ಪತ್ರ ಹೊರಡುವುದು ಹಳೆಯ ಸಂಪ್ರದಾಯ.

ವೈರಮುಡಿ ಉತ್ಸವದ ದಿನ ಮೇಲುಕೋಟೆಯಲ್ಲಿ ಸೇರುವ ಜನಸಾಗರವನ್ನು ನೆನೆದರೆ ತ್ರಿಕೂಟದ ಚಿತ್ರ ದೂರದ್ದೆನಿಸದು. ಹಬ್ಬ ಮುಗಿದ ಮೇಲಿನ ಬರಿದಾದ ದಿನಗಳಲ್ಲಿ ಟಿಕೆಟ್ಟಿನ ಆದಾಯ ಇಳಿಯುತ್ತದೆ. ಹಗ್ಗದ ಪರೀಕ್ಷೆ, ನುರಿತ ಸಿಬ್ಬಂದಿಯ ಸಂಬಳ ಇವುಗಳ ಖರ್ಚು ಇಳಿಯುವುದಿಲ್ಲ. ಮೊದಲು ಕತ್ತರಿ ಬೀಳುವುದು ಯಾವುದಕ್ಕೆಂದು ಊಹಿಸುವುದು ಕಷ್ಟವಲ್ಲ.

ಇನ್ನೊಂದು ಪರಿಣಾಮವನ್ನು ಪರಿಸರವಾದಿಗಳೂ ಹೆಚ್ಚಾಗಿ ಗಮನಿಸಿಲ್ಲ. 2017ರ ಜೂನ್‌ನಲ್ಲಿ ಗುಲ್ಮಾರ್ಗ್‌ನಲ್ಲಿ ಬಿರುಗಾಳಿಗೆ ಮರ ಉರುಳಿ ಹಗ್ಗದ ಮೇಲೆ ಬಿದ್ದು ಏಳು ಮಂದಿ ಮಡಿದರು. ಅಂಥದನ್ನು ತಡೆಯಬೇಕಾದರೆ ಹಗ್ಗದ ಇಕ್ಕೆಲಗಳಲ್ಲಿ ಮರಗಳನ್ನು ತೆರವುಗೊಳಿಸಬೇಕು, ಸಿಕ್ಕಿಕೊಂಡವರನ್ನು ಇಳಿಸಲು ಕೆಳಗೆ ದಾರಿ ಕಡಿಯಬೇಕು. ಸುರಕ್ಷತಾ ನಿಯಮ ಕಟ್ಟುನಿಟ್ಟಾದಷ್ಟೂ ಕಾಡಿನ ಮೇಲೆ ಬೀಳುವ ಹೊರೆ ಹೆಚ್ಚುತ್ತದೆ. ತೋಳಗಳಿಗಾಗಿ 1974ರಲ್ಲಿ ಘೋಷಿತವಾದ ಮೇಲುಕೋಟೆ ವನ್ಯಜೀವಿಧಾಮ ನಾರಾಯಣದುರ್ಗವನ್ನೂ ಒಳಗೊಂಡಿದೆ. ಅಲ್ಲಿಯ ಕುರುಚಲು ಕಾಡಿನಲ್ಲಿ ಇಂಥ ಸೀಳುದಾರಿಗೆ ಎಡೆಯೆಲ್ಲಿ? ಸುರಕ್ಷಿತವಾಗಿ ಕಟ್ಟಲು ಕಾಡು ಬಿಡದ ಕಡೆ ಕಟ್ಟದಿರುವುದೇ ಸರಿ. ಆದರೆ ಸುರಕ್ಷತೆಯ ಕಡತ ಒಂದು ಮೇಜಿನ ಮೇಲೆ, ಪರಿಸರದ ಕಡತ ಇನ್ನೊಂದು ಮೇಜಿನ ಮೇಲೆ ಕುಳಿತರೆ ಈ ಲೆಕ್ಕ ಯಾರ ಕಣ್ಣಿಗೂ ಬೀಳದು.

ಆದುದರಿಂದ ಯಾವುದೇ ಬೆಟ್ಟದಲ್ಲಿ ಅಳತೆಯ ಗೂಟ ನೆಡುವ ಮೊದಲು ಎರಡೂ ಕಡತಗಳನ್ನು ಒಟ್ಟಿಗೆ, ಕನ್ನಡದಲ್ಲಿ, ಗ್ರಾಮಸಭೆಯ ಮುಂದಿಡಬೇಕು. ಎಷ್ಟು ಮರ, ಯಾರ ತಪಾಸಣೆ, ತೊಟ್ಟಿಲು ನಿಂತರೆ ಎಷ್ಟು ಹೊತ್ತಿಗೆ ಯಾರು ಬರುತ್ತಾರೆ ಎಂಬುದು ಅದರಲ್ಲಿ ಬರೆದಿರಬೇಕು. ಬರುತ್ತೇವೆಂದವರು ಹಬ್ಬಕ್ಕೆ ಮುಂಚೆ ಒಮ್ಮೆ ಊರವರೆದುರು ಇಳಿಸಿ ತೋರಿಸಲಿ.