ತಲೆ ಎಣಿಸಿದರೆ ರಕ್ಷಣೆಯಾಗದು

ಆರ್ಕೆಸ್ಟ್ರಾ ಬಾರ್‌ಗಳ ವೇದಿಕೆಯಲ್ಲಿ ನಾಲ್ವರು ಮಹಿಳೆಯರು, ನಾಲ್ವರು ಪುರುಷರಿಗಷ್ಟೇ ಅವಕಾಶ ಎಂದು ಮಹಾರಾಷ್ಟ್ರದಲ್ಲಿ ಪರವಾನಗಿಗೆ ವಿಧಿಸಿದ್ದ ಷರತ್ತನ್ನು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿ 18ರಂದು ರದ್ದುಪಡಿಸಿದೆ. ಒಟ್ಟು ಎಂಟು ಮಂದಿಯ ಮಿತಿ ಉಳಿದಿದೆ. ಅವರಲ್ಲಿ ಯಾರು ಎಷ್ಟಿರಬೇಕೆಂದು ಅಧಿಕಾರಿಗಳು ಇನ್ನು ನಿರ್ದೇಶಿಸುವಂತಿಲ್ಲ. ಈ ತೀರ್ಪು ಸ್ವಾಗತಾರ್ಹ. ಮಹಿಳೆಯರ ಹಿತದ ಹೆಸರಿನಲ್ಲಿ ಬಂದ ಷರತ್ತಿನಿಂದ ಕೆಲಸ ಕಳೆದುಕೊಳ್ಳುತ್ತಿದ್ದವಳು ಐದನೆಯ ಗಾಯಕಿ. ಹೆಣ್ಣು, ಗಂಡು ಎಂಬ ಎರಡೇ ಕಾಲಂಗಳ ಆ ಲೆಕ್ಕದಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಕಲಾವಿದರಿಗೆ ಜಾಗವೇ ಇರಲಿಲ್ಲ. ಗಿರಾಕಿಯ ದುರ್ವರ್ತನೆಗೆ ಮಾತ್ರ ಷರತ್ತು ಅಡ್ಡಿಯಾಗಿರಲಿಲ್ಲ!

ಕರ್ನಾಟಕಕ್ಕೂ ಇಲ್ಲಿ ಪಾಠವಿದೆ. ಬೆಂಗಳೂರಿನ ಲೈವ್ ಬ್ಯಾಂಡ್‌ಗಳಿಗೆ ಪರವಾನಗಿ ಕಡ್ಡಾಯಗೊಳಿಸಿದ 2005ರ ಆದೇಶವನ್ನು ಇದೇ ನ್ಯಾಯಾಲಯ 2018ರಲ್ಲಿ ಎತ್ತಿಹಿಡಿದಿತ್ತು. ಆ ಅಧಿಕಾರವನ್ನು ಕಲಾವಿದರ ಮೇಲಲ್ಲ, ಸ್ಥಳದ ಮಾಲೀಕರ ಮೇಲೆ ಚಲಾಯಿಸಬೇಕು. ಚಿಲಕ ಹಾಕಿಕೊಳ್ಳಬಹುದಾದ ಪ್ರಸಾಧನ ಕೋಣೆ, ಪ್ರತ್ಯೇಕ ಶೌಚಾಲಯ, ತಡರಾತ್ರಿ ಮನೆ ತಲುಪಲು ವಾಹನ, ಸಂಭಾವನೆಗೆ ಲಿಖಿತ ಕರಾರು ಇಲ್ಲದಿದ್ದರೆ ಪರವಾನಗಿ ನವೀಕರಿಸಕೂಡದು. ರಸಮಂಜರಿಗೆ ಅನುಮತಿ ಕೊಡುವಾಗಲೂ ಇದೇ ಅಳತೆಗೋಲು ಇರಲಿ. ಹತ್ತಕ್ಕಿಂತ ಕಡಿಮೆ ನೌಕರರಿರುವ ಕಡೆ ಲೈಂಗಿಕ ಕಿರುಕುಳದ ದೂರನ್ನು ಜಿಲ್ಲೆಯ ಸ್ಥಳೀಯ ಸಮಿತಿಗೆ ಸಲ್ಲಿಸಲು 2013ರ ಕಾಯ್ದೆ ಅವಕಾಶ ನೀಡಿದೆ. ಸಮಿತಿಯ ದೂರವಾಣಿ ಸಂಖ್ಯೆಯನ್ನು ವೇದಿಕೆಯ ಹಿಂದೆಯೇ ಬರೆದು ಹಾಕಬೇಕು. ಆದರೆ ಆ ಕಾಯ್ದೆ ನೊಂದವರೆಂದು ಗುರುತಿಸುವುದು ಮಹಿಳೆಯನ್ನು ಮಾತ್ರ. ಹೆಣ್ಣೆಂದೋ ಗಂಡೆಂದೋ ಗುರುತಿಸಿಕೊಳ್ಳದ ಕಲಾವಿದರೂ ಅದೇ ಬಾಗಿಲು ತಟ್ಟುವಂತೆ ಸಂಸತ್ತು ಅದಕ್ಕೆ ತಿದ್ದುಪಡಿ ತರಬೇಕು.